ಮೈ ಜುಮ್ಮೆನ್ನಲು ಏನೇನು ಬೇಕು? ಎಐ ಹಾಡುಗಳ ಹೊತ್ತಿನಲ್ಲಿ ಒಂದು ವಿಚಾರ

ಇತ್ತೀಚೆಗೆ ಸಂಗೀತದ ಬಗ್ಗೆ ಬಂದ ಮೂರು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಗೊಂದಲವಾಗುತ್ತದೆ.

ಮೊದಲನೆಯದು 2025ರ ನವೆಂಬರ್ ತಿಂಗಳದ್ದು. ಫ್ರಾನ್ಸಿನ ಡೀಜರ್ ಎಂಬ ಸಂಗೀತ ಆ್ಯಪ್ ಕಂಪನಿ, ಇಪ್ಸೋಸ್ ಎಂಬ ಸಮೀಕ್ಷಾ ಸಂಸ್ಥೆಯ ಮೂಲಕ 8 ದೇಶಗಳ 9,000 ಜನರಿಗೆ ಹಾಡುಗಳನ್ನು ಕೇಳಿಸಿತು. ಮನುಷ್ಯರು ಮಾಡಿದ್ದು ಯಾವುದು, ಎಐ ಮಾಡಿದ್ದು ಯಾವುದು ಹೇಳಿ ಎಂದಿತು. ನೂರಕ್ಕೆ 97 ಜನರಿಗೆ ಸರಿಯಾಗಿ ಹೇಳಲು ಆಗಲಿಲ್ಲ. ತನ್ನ ಆ್ಯಪ್‌ಗೆ ದಿನಕ್ಕೆ ಸುಮಾರು 50,000 ಪೂರ್ತಿ ಎಐ ಹಾಡುಗಳು ಬಂದು ಬೀಳುತ್ತಿವೆ, ಬರುವ ಹೊಸ ಹಾಡುಗಳಲ್ಲಿ ಮೂರರಲ್ಲಿ ಒಂದು ಅಂಥದ್ದೇ ಎಂದೂ ಕಂಪನಿ ಹೇಳಿತು.

ಎರಡನೆಯದು ಅದೇ ವರ್ಷದ ಮಾರ್ಚ್‌ನದ್ದು. ಸ್ವೀಡನ್ನಿನ 9,000ಕ್ಕೂ ಹೆಚ್ಚು ಅವಳಿಗಳ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ. ಸಂಗೀತದಿಂದ ಸಿಗುವ ಸುಖದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ 54 ಪ್ರತಿಶತಕ್ಕೆ ವಂಶವಾಹಿಗಳು ಕಾರಣ ಎಂದು ಅದು ಹೇಳಿತು. ಸುದ್ದಿಯ ತಲೆಬರಹಗಳಲ್ಲಿ ಇದು ‘ಸಂಗೀತದ ಪ್ರೀತಿ ರಕ್ತದಲ್ಲೇ ಬರುತ್ತದೆ’ ಎಂದಾಯಿತು.

ಮೂರನೆಯದು ಸ್ವಲ್ಪ ಹಿಂದಿನದು, 2024ರದ್ದು. ಜ್ಯೂರಿಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಹೊತ್ತಿಗೇ ಲೈವ್ ಆಗಿ ನುಡಿಸಿದ ಪಿಯಾನೋ ಮತ್ತು ರೆಕಾರ್ಡ್ ಮಾಡಿದ ಪಿಯಾನೋ ಎರಡನ್ನೂ ಕೇಳಿಸಿ ಮಿದುಳನ್ನು ಅಳೆದರು. ಲೈವ್ ಆಗಿ ನುಡಿಸಿದಾಗ ಭಾವನೆಗೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಯಿತು.

ಒಂದು ಸುದ್ದಿ ಯಂತ್ರದ ಹಾಡೂ ಸಾಕು ಎನ್ನುವ ಹಾಗಿದೆ. ಇನ್ನೊಂದು, ಎಲ್ಲ ಹುಟ್ಟಿನಿಂದಲೇ ಬಂದದ್ದು ಎನ್ನುವಂತಿದೆ. ಮತ್ತೊಂದು, ಎದುರಿಗೆ ಕೂತು ಕೇಳಿದರೇ ಸರಿ ಎನ್ನುತ್ತದೆ. ಯಾವುದನ್ನು ನಂಬುವುದು? ಮೂರೂ ನಿಜವೇ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿವೆ. ಇದನ್ನು ಬಿಡಿಸಿ ನೋಡಲು ಒಂದು ಒಳ್ಳೆಯ ದಾರಿಯಿದೆ: ಹಾಡು ಕೇಳುವಾಗ ಮೈ ಜುಮ್ಮೆನ್ನುತ್ತದಲ್ಲ, ಅದು. ‘ನನಗೆ ಇಷ್ಟವಾಯಿತು’ ಎಂದು ಯಾರು ಬೇಕಾದರೂ ಸುಮ್ನೆ ಹೇಳಬಹುದು. ತೋಳಿನ ಕೂದಲು ಸುಮ್ನೆ ಏಳುವುದಿಲ್ಲ.

ಚರ್ಮದಲ್ಲಿ ಆಗುವುದು

ಕನ್ನಡದಲ್ಲಿ ಇದಕ್ಕೆ ಮಾತುಗಳು ಬೇಕಾದಷ್ಟಿವೆ. ಮೈ ಜುಮ್ಮೆನ್ನುವುದು, ಪುಳಕ, ರೋಮಾಂಚನ, ಮೈ ನವಿರೇಳುವುದು. ನವಿರು ಎಂದರೆ ಕೂದಲು. ಅಂದರೆ ಏನಾಗುತ್ತದೆ ಎಂಬುದನ್ನು ಮಾತೇ ಹೇಳಿಬಿಟ್ಟಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವಗಳ ಪಟ್ಟಿಯಿದೆ. ಬೆವರು, ಕಣ್ಣೀರು, ನಡುಕ, ಗದ್ಗದ ಇವುಗಳ ಜೊತೆ ರೋಮಾಂಚವೂ ಅದರಲ್ಲಿ ಒಂದು. ಕೈಕಾಲು ಆಡಿಸಿ ತೋರಿಸುವ ಅಭಿನಯದಿಂದ ಇವನ್ನು ಬೇರೆಯಾಗಿ ಇಟ್ಟಿದ್ದಾರೆ. ಮನಸ್ಸು ಅದರಲ್ಲಿ ಪೂರ್ತಿ ನೆಡದೆ ಇವು ಬರುವುದಿಲ್ಲ ಎಂಬುದು ಅಲ್ಲಿನ ತಿಳಿವಳಿಕೆ.

ಒಂದೊಂದು ಕೂದಲಿನ ಬುಡಕ್ಕೂ ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ನಾಯು ಅಂಟಿಕೊಂಡಿದೆ. ಅದು ಸೆಟೆದರೆ ಕೂದಲು ನೆಟ್ಟಗಾಗುತ್ತದೆ, ಬುಡದಲ್ಲಿ ಚರ್ಮ ಗುಳ್ಳೆಯ ಹಾಗೆ ಉಬ್ಬುತ್ತದೆ. ಈ ಸ್ನಾಯು ನಮ್ಮ ಮಾತು ಕೇಳುವುದಿಲ್ಲ. ಎದೆಬಡಿತ, ಬೆವರು ಇವನ್ನು ನೋಡಿಕೊಳ್ಳುವ ನರಗಳೇ ಇದನ್ನೂ ನಡೆಸುತ್ತವೆ. ಚಳಿ ಬಿದ್ದಾಗ ಅಥವಾ ಅಪಾಯ ಎದುರಾದಾಗ ಎಚ್ಚರಿಸುವ ನರಗಳು ಅವು. ನಾಯಿ ಕಂಡ ಬೆಕ್ಕು ರೋಮ ಕೆದರಿಕೊಂಡು ದಪ್ಪವಾಗಿ ಕಾಣುವುದು ಇದರಿಂದಲೇ. ಮೈತುಂಬ ದಟ್ಟ ಕೂದಲಿದ್ದ ನಮ್ಮ ಪೂರ್ವಿಕರಿಗೆ ಇದು ಉಪಯೋಗಕ್ಕೆ ಬರುತ್ತಿತ್ತು. ನಮಗೆ ಆ ಕೂದಲು ಹೋಯಿತು, ನರ ಉಳಿಯಿತು.

ಚಳಿಗೂ ಭಯಕ್ಕೂ ಇರುವ ಈ ವ್ಯವಸ್ಥೆ ಒಂದು ಆಲಾಪಕ್ಕೆ, ಒಂದು ಚಂಡೆಯ ಪೆಟ್ಟಿಗೆ ಏಕೆ ಎಚ್ಚರಗೊಳ್ಳಬೇಕು? ಹಾಡಿನಲ್ಲಿ ಚಳಿಯೂ ಇಲ್ಲ, ಹುಲಿಯೂ ಇಲ್ಲ, ಅಲ್ವಾ?

ಮಿದುಳಿಗೆ ಕಾಯುವುದರಲ್ಲೇ ಸುಖ

ಇದಕ್ಕೆ ಗಟ್ಟಿಯಾದ ಉತ್ತರ ಸಿಗಲು ಶುರುವಾದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. 2001ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ ಹತ್ತು ಜನರ ಮಿದುಳನ್ನು ಸ್ಕ್ಯಾನ್ ಮಾಡಿದರು. ಯಾವ ಸಂಗೀತಕ್ಕೆ ನಿಮ್ಮ ಮೈ ಜುಮ್ಮೆನ್ನುತ್ತದೋ ಅದನ್ನೇ ತನ್ನಿ ಎಂದು ಅವರಿಗೆ ಹೇಳಿದ್ದರು. ಪುಳಕ ಹೆಚ್ಚಾದಂತೆ ಮಿದುಳಿನಲ್ಲಿ ಚುರುಕಾದದ್ದು ಹಸಿದಾಗ ಸಿಗುವ ಊಟದಂಥ ಸುಖಕ್ಕೆ ಸಂಬಂಧಿಸಿದ ಭಾಗಗಳೇ.

ಹತ್ತು ವರ್ಷದ ನಂತರ ಜಟೋರೆ ಅವರ ತಂಡ ಇನ್ನೂ ಸೂಕ್ಷ್ಮವಾದ ಪ್ರಯೋಗ ಮಾಡಿತು. ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಎಲ್ಲಿ, ಯಾವಾಗ ಬಿಡುಗಡೆಯಾಗುತ್ತದೆ ಎಂದು ನೋಡಿತು. ಕಂಡದ್ದು ಸೊಗಸಾಗಿದೆ. ಅದು ಎರಡು ಜಾಗದಲ್ಲಿ, ಎರಡು ಹೊತ್ತಿನಲ್ಲಿ ಬಿಡುಗಡೆಯಾಗುತ್ತದೆ. ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಅಕಂಬೆನ್ಸ್ ಎಂಬ ಭಾಗದಲ್ಲಿ. ಅದಕ್ಕೂ ಮೊದಲು, ಇನ್ನೇನು ಬರುತ್ತದೆ ಎಂದು ಕಾಯುವ ಹೊತ್ತಿನಲ್ಲಿ, ಕಾಡೇಟ್ ಎಂಬ ಬೇರೆ ಭಾಗದಲ್ಲಿ. ಸುಖ ಬಂದ ಮೇಲಷ್ಟೇ ಅಲ್ಲ, ಬರಲಿದೆ ಎಂದು ಗೊತ್ತಾದಾಗಲೇ ಮಿದುಳು ಉಣ್ಣಲು ಶುರು ಮಾಡಿರುತ್ತದೆ.

ಡೋಪಮಿನ್ ಇದಕ್ಕೆ ಕಾರಣವೋ, ಅಥವಾ ಜೊತೆಗೆ ಬರುವ ಗುರುತು ಅಷ್ಟೆಯೋ? 2019ರಲ್ಲಿ ಬಾರ್ಸಿಲೋನಾದ ಪ್ರಯೋಗವೊಂದು ಇದನ್ನೂ ಪರೀಕ್ಷಿಸಿತು. 27 ಜನರಿಗೆ ಒಂದು ದಿನ ಡೋಪಮಿನ್ ಹೆಚ್ಚಿಸುವ ಮಾತ್ರೆ, ಇನ್ನೊಂದು ದಿನ ಅದನ್ನು ತಡೆಯುವ ಮಾತ್ರೆ, ಮತ್ತೊಂದು ದಿನ ಏನೂ ಮಾಡದ ಮಾತ್ರೆ ಕೊಟ್ಟು ಹಾಡು ಕೇಳಿಸಿದರು. ಹೆಚ್ಚಿಸಿದ ದಿನ ಸುಖ ಹೆಚ್ಚಾಯಿತು, ತಡೆದ ದಿನ ಕಡಿಮೆಯಾಯಿತು. ಡೋಪಮಿನ್ ಸುಮ್ಮನೆ ಜೊತೆಗೆ ಬರುವ ನೆಂಟನಲ್ಲ, ಕೆಲಸ ಮಾಡುವುದೇ ಅದು ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಕಾಯುವುದು ಎಂದರೇನು ಎಂಬುದನ್ನು ತಿಳಿಯಲು ಪ್ರಯೋಗಶಾಲೆಗಿಂತ ಹುಬ್ಬಳ್ಳಿ-ಧಾರವಾಡದ ಹಿಂದೂಸ್ತಾನಿ ಸಂಗೀತದ ಬೈಠಕ್ ಒಳ್ಳೆಯ ಜಾಗ. ತೀನ್‌ತಾಲ ಎಂಬ ತಾಳದಲ್ಲಿ 16 ಮಾತ್ರೆಗಳು, ಅಂದರೆ 16 ಎಣಿಕೆಗಳು. ಮೊದಲ ಮಾತ್ರೆಗೆ ಸಮ್ ಎನ್ನುತ್ತಾರೆ. ಗಾಯಕರು ಎಲ್ಲೆಲ್ಲಿ ಸುತ್ತಾಡಿದರೂ ಸಮ್‌ಗೆ ಬಂದು ಮುಟ್ಟಬೇಕು. ಕೇಳುಗರಿಗೂ ಇದು ಗೊತ್ತು. ತಬಲಾದವರು ತಿಹಾಯಿ ಎತ್ತಿಕೊಂಡರೆ, ಒಂದೇ ತುಣುಕು ಮೂರು ಸಲ ಬರುತ್ತದೆ, ಮೂರನೆಯದರ ಕೊನೆ ಸರಿಯಾಗಿ ಸಮ್ ಮೇಲೆ ಬೀಳುತ್ತದೆ. ಮೊದಲ ಸಲ ಕಿವಿ ಅದನ್ನು ಹಿಡಿಯುತ್ತದೆ. ಎರಡನೆಯ ಸಲ ಲೆಕ್ಕ ಕೂಡುತ್ತದೆ. ಮೂರನೆಯ ಸಲ ಇಡೀ ಸಭೆ ಉಸಿರು ಬಿಗಿಹಿಡಿದು ಕಾಯುತ್ತದೆ. ಸಮ್ ಬಿದ್ದ ತಕ್ಷಣ ಎಲ್ಲರ ತಲೆ ಒಟ್ಟಿಗೆ ಆಡುತ್ತದೆ, ಬಾಯಿಂದ ‘ವಾಹ್’ ತಾನಾಗಿ ಬರುತ್ತದೆ.

ಕುಂದಗೋಳದ ಸವಾಯಿ ಗಂಧರ್ವರಿಂದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಗೆ ಬಂದ ಕಿರಾನಾ ಶೈಲಿಯ ಗಾಯನದಲ್ಲಿ ಈ ಕಾಯಿಸುವ ಕಲೆ ಇನ್ನೂ ನಿಧಾನ. ರಾಗವನ್ನು ಒಂದೊಂದೇ ಸ್ವರ ಹಿಡಿದು ಬೆಳೆಸುತ್ತಾರೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ತಾಳದ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ ಹಿಡಿಯುವುದೂ ಉಂಟು. ತಂಬೂರಿ ಹಿಂದೆ ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಬಿಡದೆ ನುಡಿಯುತ್ತಲೇ ಇರುತ್ತದೆ. ಗಾಯಕರು ಮೇಲಿನ ಷಡ್ಜದ ಹತ್ತಿರ ಹತ್ತಿರ ಹೋಗುತ್ತಾರೆ, ಅದರ ಕೆಳಗಿನ ನಿಷಾದದಲ್ಲಿ ನಿಲ್ಲುತ್ತಾರೆ, ಮುಟ್ಟದೆ ಇಳಿದು ಬರುತ್ತಾರೆ. ಮತ್ತೆ ಹೋಗುತ್ತಾರೆ, ಮತ್ತೆ ಇಳಿಯುತ್ತಾರೆ. ಕೊನೆಗೆ ಆ ಷಡ್ಜ ಹತ್ತಿದಾಗ ತೋಳಿನ ಕೂದಲು ಎದ್ದಿರುತ್ತದೆ. ಅದೇ ಷಡ್ಜವನ್ನು ಹಾರ್ಮೋನಿಯಂನಲ್ಲಿ ಒಂಟಿಯಾಗಿ ಒತ್ತಿದರೆ ಏನೂ ಆಗುವುದಿಲ್ಲ. ಸ್ವರ ಅದೇ. ಅದಕ್ಕಾಗಿ ಕಾದ ಇಪ್ಪತ್ತು ನಿಮಿಷ ಇಲ್ಲ, ಅಷ್ಟೆ.

ಒಬ್ಬರಿಗೆ ಪುಳಕ, ಪಕ್ಕದವರಿಗೆ ಇಲ್ಲ

ಮಾಂಟ್ರಿಯಲ್‌ನ ಮೊದಲ ಪ್ರಯೋಗದಲ್ಲಿ ಒಂದು ಜಾಣತನವಿತ್ತು. ಒಬ್ಬರು ತಂದ ಸಂಗೀತವನ್ನು ಇನ್ನೊಬ್ಬರಿಗೆ ಹೋಲಿಕೆಗಾಗಿ ಕೇಳಿಸಿದರು. ಒಬ್ಬರ ರೋಮ ನಿಲ್ಲಿಸಿದ ಸಂಗೀತ ಇನ್ನೊಬ್ಬರಿಗೆ ಬರಿಯ ಸಂಗೀತವಾಗಿಯೇ ಉಳಿಯಿತು. ಸದ್ದು ಒಂದೇ ಆದರೂ ಪರಿಣಾಮ ಬೇರೆಯಾದರೆ, ಪುಳಕ ಸದ್ದಿನೊಳಗೆ ಮಾತ್ರ ಕೂತಿಲ್ಲ ಎಂದಾಯಿತು. ಅದರಲ್ಲಿ ಅರ್ಧ ಕೇಳುಗರ ಕಿವಿಯಲ್ಲಿ ಮೊದಲೇ ತಯಾರಾಗಿರಬೇಕು. ಈ ಲೇಖನದ ಉಳಿದ ಮಾತೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಕೆಲವು ಸಂದರ್ಭಗಳು ಮಾತ್ರ ಹೆಚ್ಚು ಸಲ ಕೆಲಸ ಮಾಡುತ್ತವೆ. ಮೆಲ್ಲಗಿದ್ದದ್ದು ತಟ್ಟನೆ ಜೋರಾಗುವುದು, ಒಂಟಿ ದನಿಯ ಹಿಂದೆ ಗುಂಪು ಸೇರಿಕೊಳ್ಳುವುದು, ಅಂದುಕೊಳ್ಳದ ಕಡೆ ಸ್ವರ ತಿರುಗುವುದು. ಆದರೆ ಒತ್ತಿದರೆ ಎಲ್ಲರ ಮೈಯೂ ಜುಮ್ಮೆನ್ನುವಂಥ ಗುಂಡಿ ಯಾವ ಸಂಗೀತದಲ್ಲೂ ಸಿಕ್ಕಿಲ್ಲ.

ಈಗ 54 ಪ್ರತಿಶತದ ಸುದ್ದಿಗೆ ಬರೋಣ. ಇದನ್ನು ಜನ ತಪ್ಪಾಗಿ ಓದುತ್ತಿರುವುದೇ ಜಾಸ್ತಿ. ‘ನಿಮ್ಮ ಪುಳಕದಲ್ಲಿ 54 ಪಾಲು ಅಪ್ಪ ಅಮ್ಮನಿಂದ ಬಂದದ್ದು’ ಎಂದು ಅದರ ಅರ್ಥವಲ್ಲ. ಒಂದು ಜೋಳದ ಹೊಲ ನೆನೆಯಿರಿ. ಹೊಲದ ತುಂಬ ಒಂದೇ ಮಣ್ಣು, ಒಂದೇ ನೀರು. ಆಗ ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ ಆಗಿದ್ದರೆ ಅದು ಬಹುಪಾಲು ಬೀಜದ ವ್ಯತ್ಯಾಸ. ಅದೇ ಬೀಜವನ್ನು ಒಂದು ಕಡೆ ಎರೆಮಣ್ಣಿಗೆ, ಇನ್ನೊಂದು ಕಡೆ ಕಲ್ಲುಭೂಮಿಗೆ ಹಾಕಿದರೆ, ವ್ಯತ್ಯಾಸ ಬಹುಪಾಲು ಮಣ್ಣಿನದು. ಬೀಜ ಬದಲಾಗಿಲ್ಲ, ಲೆಕ್ಕ ಬದಲಾಯಿತು. ಸ್ವೀಡನ್ನಿನ ಅಂಕಿ ಆ ಸಮಾಜದೊಳಗಿನ ಜನರ ನಡುವಿನ ವ್ಯತ್ಯಾಸದ ಅಂಕಿ. ಅದು ಒಬ್ಬ ವ್ಯಕ್ತಿಯ ಹಣೆಬರಹ ಅಲ್ಲ.

ಆದರೂ ಅದರಲ್ಲಿ ಮುಖ್ಯವಾದ ಮಾತಿದೆ. ಹುಟ್ಟಿನಿಂದಲೇ ಕೆಲವರ ಮೈ ಬೇಗ ಜುಮ್ಮೆನ್ನುತ್ತದೆ, ಕೆಲವರದ್ದು ತಡವಾಗಿ. 2016ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಪುಳಕಗೊಳ್ಳುವವರ ಮಿದುಳಿನಲ್ಲಿ ಕೇಳುವ ಭಾಗಕ್ಕೂ ಭಾವನೆಯ ಭಾಗಗಳಿಗೂ ನಡುವಿನ ನರಗಳ ದಾರಿ ಹೆಚ್ಚು ದಟ್ಟವಾಗಿ ಕಂಡಿತು. ಇಪ್ಪತ್ತೇ ಜನರ ಮೇಲೆ ಮಾಡಿದ್ದು, ಹಾಗಾಗಿ ಅದನ್ನು ಎಚ್ಚರದಿಂದಲೇ ನಂಬಬೇಕು. ಇನ್ನೊಂದು ಕಡೆ, ಬಾರ್ಸಿಲೋನಾದ ಸಂಶೋಧಕರು ಸಂಗೀತದಿಂದ ಯಾವ ಸುಖವೂ ಸಿಗದ ಜನರನ್ನು ಗುರುತಿಸಿದ್ದಾರೆ. ಅವರ ಕಿವಿ ಸರಿಯಾಗಿದೆ, ಊಟ, ಹಣ, ಗೆಲುವು ಇವುಗಳಿಂದ ಅವರಿಗೆ ಸಂತೋಷ ಸಿಗುತ್ತದೆ. ಸಂಗೀತ ಮಾತ್ರ ತಟ್ಟುವುದಿಲ್ಲ. ಅಂಥವರನ್ನು ಅರಸಿಕರು ಎಂದು ಹೀಯಾಳಿಸುವುದು ಅನ್ಯಾಯ.

ಅವಳಿಗಳ ಅಧ್ಯಯನದ ಇನ್ನೊಂದು ಫಲಿತಾಂಶ ಸುದ್ದಿಯಲ್ಲಿ ಹೆಚ್ಚು ಬರಲಿಲ್ಲ. ಸಂಗೀತವನ್ನು ಸರಿಯಾಗಿ ಗುರುತಿಸುವ ಶಕ್ತಿ ಮತ್ತು ಸಂಗೀತದಿಂದ ಸುಖಪಡುವ ಶಕ್ತಿ, ಇವೆರಡರ ಹಿಂದಿನ ವಂಶವಾಹಿ ಪ್ರಭಾವಗಳು ಭಾಗಶಃ ಬೇರೆ ಬೇರೆ. ಶ್ರುತಿ, ತಾಳ ಹಿಡಿಯಲು ಬಾರದವರೂ ಹಾಡಿಗೆ ಕರಗಬಹುದು. ಎಲ್ಲ ರಾಗ ಗುರುತಿಸುವವರೂ ತಣ್ಣಗೆ ಕೂತಿರಬಹುದು. ಈ ಮಾತು ಮುಂದೆ ಎಐ ಹಾಡಿನ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಏಕೆ ಎಂಬುದರಲ್ಲಿ ಒಮ್ಮತವಿಲ್ಲ

ಡೋಪಮಿನ್ ‘ಹೇಗೆ’ ಎಂಬುದನ್ನು ಹೇಳುತ್ತದೆ. ‘ಏಕೆ’ ಎಂಬುದರಲ್ಲಿ ವಿಜ್ಞಾನಿಗಳು ಒಂದೇ ಮಾತು ಹೇಳುವುದಿಲ್ಲ. ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ 1995ರಲ್ಲಿ ಒಂದು ವಿಚಾರ ಮುಂದಿಟ್ಟರು: ತಾಯಿಯಿಂದ ದೂರವಾದ ಮರಿ ಕೂಗುವ ಕೂಗಿನ ಹಾಗೆ ಕೆಲವು ದನಿಗಳು ನಮ್ಮನ್ನು ತಟ್ಟುತ್ತವೆ, ಆಗ ಒಳಗೆ ಚಳಿ ಹುಟ್ಟುತ್ತದೆ. ಒಂಟಿ ದನಿಯ ಕರುಣ ಹಾಡು ಹೆಚ್ಚು ಪುಳಕ ತರುವುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ವೀರಗಾಸೆಯ ತಾಳಕ್ಕೆ ಮೈ ಜುಮ್ಮೆನ್ನುವುದನ್ನು ವಿವರಿಸುವುದಿಲ್ಲ.

ಸಂಗೀತಶಾಸ್ತ್ರಜ್ಞ ಡೇವಿಡ್ ಹ್ಯೂರನ್ ಅವರ ವಾದ ಬೇರೆ. ಮಿದುಳಿನಲ್ಲಿ ಅವಸರದ ದಾರಿ ಒಂದು, ನಿಧಾನದ ದಾರಿ ಇನ್ನೊಂದು. ತಟ್ಟನೆ ಏನಾದರೂ ಬದಲಾದರೆ ಅವಸರದ ದಾರಿ ‘ಅಪಾಯ’ ಎಂದು ಕೂಗಿ ರೋಮ ನಿಲ್ಲಿಸುತ್ತದೆ. ಮರುಕ್ಷಣ ನಿಧಾನದ ದಾರಿ ‘ಹೆದರಬೇಡ, ಇದು ಹಾಡು’ ಎನ್ನುತ್ತದೆ. ಭಯ ಬಂದು ಹೋದ ಆ ಅಂತರವೇ ಸುಖವಾಗುತ್ತದೆ. ಕರಾವಳಿಯ ಯಕ್ಷಗಾನ ಬಯಲಾಟ ನೋಡಿದವರಿಗೆ ಈ ವಾದ ಬೇಗ ಅರ್ಥವಾಗುತ್ತದೆ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಬಣ್ಣ ಹಚ್ಚುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಜನರ ಹಿಂದಿನಿಂದ, ಕತ್ತಲಲ್ಲಿ, ದೊಂದಿಗಳ ನಡುವೆ ಬರುತ್ತಾನೆ. ರಾಳದ ಪುಡಿ ಬಿದ್ದು ಬೆಂಕಿ ಭುಗಿಲೇಳುತ್ತದೆ. ಎರಡು ಕೊಂಬಿನ ಆ ಆಕಾರ ಅಬ್ಬರಿಸುತ್ತ ಜನರ ನಡುವೆಯೇ ಹಾದು ಬರುತ್ತದೆ. ಮುಂದೆ ಚಂಡೆ, ಹಿಂದೆ ಅಬ್ಬರ. ವೇಷದೊಳಗೆ ಇರುವುದು ಮನುಷ್ಯ ಎಂದು ಎಲ್ಲರಿಗೂ ಗೊತ್ತು. ಆದರೂ ಮೈ ಒಪ್ಪುವುದಿಲ್ಲ. ಗೊತ್ತಿರುವುದಕ್ಕೂ ಮೈ ನಂಬುವುದಕ್ಕೂ ನಡುವಿನ ಆ ಒಂದು ಕ್ಷಣದಲ್ಲೇ ರೋಮ ನಿಲ್ಲುವುದು.

ಮೂರನೆಯ ವಾದ ಒಟ್ಟಿಗಿರುವುದರ ಬಗ್ಗೆ. ಗುಂಪಿನ ಜೊತೆ ಒಂದಾದೆ ಎಂಬ ಭಾವ ಬಂದಾಗ ಪುಳಕವಾಗುತ್ತದೆ, ಮನುಷ್ಯರನ್ನು ಬೆಸೆಯಲೆಂದೇ ಸಂಗೀತ ಬೆಳೆದಿದೆ ಎನ್ನುವುದು ಅದರ ತಿರುಳು. ಈ ಮೂರರಲ್ಲಿ ಒಂದನ್ನು ಆರಿಸಿ ಉಳಿದವನ್ನು ಎಸೆಯಬೇಕಿಲ್ಲ. ಒಂದೇ ಸ್ನಾಯುವಿಗೆ ಹೋಗುವ ದಾರಿಗಳು ಹಲವಾಗಿರಬಹುದು.

ಎದುರಿಗೆ ಕೂತಾಗ ಬದಲಾಗುವುದು

ಜ್ಯೂರಿಕ್ ಪ್ರಯೋಗವನ್ನು ‘ಲೈವ್ ಸಂಗೀತವೇ ಶ್ರೇಷ್ಠ’ ಎಂದು ಒಂದು ಸಾಲಿಗೆ ಇಳಿಸಿದರೆ ಅದರ ಸ್ವಾರಸ್ಯವೇ ಹೋಗುತ್ತದೆ. ಅಲ್ಲಿ ಸಭೆ ಇರಲಿಲ್ಲ, ದೀಪವಿರಲಿಲ್ಲ, ಚಪ್ಪಾಳೆ ಇರಲಿಲ್ಲ. 27 ಕೇಳುಗರು ಒಬ್ಬೊಬ್ಬರಾಗಿ ಎಂಆರ್‌ಐ ಯಂತ್ರದೊಳಗೆ ಮಲಗಿದ್ದರು. ಅವರ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಎಷ್ಟು ಚುರುಕಾಗಿದೆ ಎಂಬುದು ಪಿಯಾನೋ ನುಡಿಸುವವರಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಅದನ್ನು ನೋಡಿ ಅವರು ನುಡಿಸುವ ರೀತಿ ಬದಲಿಸುತ್ತಿದ್ದರು. ಅದೇ ಕಲಾವಿದರು ನುಡಿಸಿದ ರೆಕಾರ್ಡಿಂಗ್ ಅಷ್ಟು ಪರಿಣಾಮ ಮಾಡಲಿಲ್ಲ.

ಅಂದರೆ ವ್ಯತ್ಯಾಸ ತಂದದ್ದು ಕಲಾವಿದರು ಆ ಹೊತ್ತಿಗೇ ನುಡಿಸುತ್ತಿದ್ದದ್ದಷ್ಟೇ ಅಲ್ಲ. ಕೇಳುಗರಿಗೆ ಏನಾಗುತ್ತಿದೆ ಎಂದು ನೋಡಿ, ಅದಕ್ಕೆ ತಕ್ಕ ಹಾಗೆ ಮುಂದಿನ ಸ್ವರ ಬದಲಾದದ್ದು. ಇದು ನಮ್ಮ ಕಛೇರಿಗಳಲ್ಲಿ ಯಂತ್ರವಿಲ್ಲದೆ ನಡೆಯುವ ಕೆಲಸ. ಮುಂದಿನ ಸಾಲಿನಲ್ಲಿ ಕೂತವರು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ‘ಭೇಷ್’ ಎನ್ನುತ್ತಾರೆ. ಕೆಲವೊಮ್ಮೆ ಮಾತೇ ಇಲ್ಲದೆ ತಲೆ ಅಲ್ಲಾಡಿಸುತ್ತಾರೆ. ಗಾಯಕರು ಅದನ್ನು ಕಂಡು ಆ ಜಾಗದಲ್ಲಿ ಇನ್ನೆರಡು ಸುತ್ತು ನಿಲ್ಲುತ್ತಾರೆ. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡಿ ಬೆಳೆಸುವ ನೆರವಲ್ ಎಷ್ಟು ಹೊತ್ತು ಎಂಬುದನ್ನು ಅರ್ಧ ಸಭೆಯೇ ತೀರ್ಮಾನಿಸುತ್ತದೆ. ಯಕ್ಷಗಾನದ ಭಾಗವತರು ಕಲಾವಿದರ ಕುಣಿತವನ್ನೂ ಜನರ ಹುರುಪನ್ನೂ ನೋಡಿ ಪದವನ್ನು ಎತ್ತುತ್ತಾರೆ, ಎಳೆಯುತ್ತಾರೆ, ಮುಗಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಮಿಗ್ಡಲಾ ಚುರುಕಾಯಿತು ಎಂದ ಮಾತ್ರಕ್ಕೆ ರೋಮ ಎದ್ದಿತು ಎಂದಲ್ಲ. ಆ ಪ್ರಯೋಗ ಅಳೆದದ್ದು ಭಾವನೆಯ ತೀವ್ರತೆಯ ಒಂದು ಗುರುತನ್ನು ಮಾತ್ರ.

ಸಭೆಯ ಪಾತ್ರವನ್ನು ಬೇರೆಯವರು ಅಳೆದಿದ್ದಾರೆ. ಬರ್ಲಿನ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಕಛೇರಿಗಳಿಗೆ ಬಂದ 132 ಕೇಳುಗರ ಮೈಗೆ ಅಳೆಯುವ ಸಾಧನ ಕಟ್ಟಿದರು. 2023ರಲ್ಲಿ ಬಂದ ಆ ವರದಿಯ ಪ್ರಕಾರ, ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದ ಅಪರಿಚಿತರ ಹೃದಯ ಬಡಿತದ ವೇಗ, ಉಸಿರಾಟದ ವೇಗ, ಚರ್ಮದ ಬೆವರು ಒಬ್ಬರಿಗೊಬ್ಬರು ಹೊಂದಿಕೊಂಡು ಏರಿಳಿಯುತ್ತಿದ್ದವು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನಡೆಯುತ್ತಿದ್ದ ಕಾರ್ಯಕ್ರಮದ ಮಧ್ಯೆ, ಕಿವಿಗೆ ಕೇಳಿಸದಷ್ಟು ತಗ್ಗಿನ ಸದ್ದು ಹೊರಡಿಸುವ ಸ್ಪೀಕರ್‌ಗಳನ್ನು ಆಗಾಗ ಹಾಕಿ ಆರಿಸಿದರು. ಹಾಕಿದಾಗ ಜನ ಸುಮಾರು 12 ಪ್ರತಿಶತ ಹೆಚ್ಚು ಕುಣಿದರು. ಏಕೆ ಎಂದು ಅವರಿಗೇ ಗೊತ್ತಿರಲಿಲ್ಲ. ಕುಣಿತ ಬೇರೆ, ಪುಳಕ ಬೇರೆ, ನಿಜ. ಆದರೆ ಡೊಳ್ಳಿನ ಪೆಟ್ಟು ಎದೆಗೆ ಬಡಿಯಿತು ಎಂದು ಜನ ಹೇಳುವುದು ಬರೀ ಮಾತಿನ ಚಂದಕ್ಕಲ್ಲ. ಸದ್ದು ಕಿವಿಯಿಂದ ಮಾತ್ರ ಒಳಗೆ ಬರುವುದಿಲ್ಲ. ಫೋನಿನ ಪುಟ್ಟ ಸ್ಪೀಕರ್‌ಗೆ ಅಂಥ ತಗ್ಗಿನ ಸದ್ದು ಹೊರಡಿಸಲು ಸಾಧ್ಯವೇ ಇಲ್ಲ.

ಹಾಗಾದರೆ ಯಂತ್ರದ ಹಾಡು?

ಒಂದು ವಾದ ಹೀಗಿದೆ. ಮಿದುಳಿಗೆ ಸಿಗುವುದು ಸದ್ದು. ಅದನ್ನು ಯಾರು ಮಾಡಿದರು ಎಂದು ಡೋಪಮಿನ್ ಕೇಳುವುದಿಲ್ಲ. 97 ಪ್ರತಿಶತ ಜನರಿಗೆ ವ್ಯತ್ಯಾಸವೇ ಗೊತ್ತಾಗದಿದ್ದರೆ ಗಲಾಟೆ ಯಾಕೆ? ಇನ್ನೊಂದು ವಾದ, ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂಬ ಅರಿವೇ ಸಂಗೀತದ ಅರ್ಧ ಬಲ ಎನ್ನುತ್ತದೆ. ಇದು ಎಐ ಮಾಡಿದ್ದು ಎಂದು ಮೊದಲೇ ತಿಳಿಸಿದರೆ ಕೇಳುಗರು ಅದೇ ಸಂಗೀತಕ್ಕೆ ಕಡಿಮೆ ಅಂಕ ಕೊಡುವುದು ಪ್ರಯೋಗಗಳಲ್ಲಿ ಕಂಡಿದೆ.

ಮೊದಲ ವಾದದಲ್ಲಿ ಒಂದು ತಪ್ಪಿದೆ. ಗುರುತಿಸುವುದು ಬೇರೆ, ಪುಳಕಗೊಳ್ಳುವುದು ಬೇರೆ ಎಂದು ಅವಳಿಗಳ ಅಧ್ಯಯನ ತೋರಿಸಿದೆಯಲ್ಲ. ಡೀಜರ್ ಕೇಳಿದ್ದು ಗುರುತಿಸುವ ಪ್ರಶ್ನೆ. ಆ 97 ಎಂಬ ಅಂಕಿಯಿಂದ ಯಾರ ಮೈ ಜುಮ್ಮೆಂದಿತು ಎಂಬುದು ತಿಳಿಯುವುದಿಲ್ಲ.

ಆದರೆ ಎರಡನೆಯ ವಾದವನ್ನೂ ಪೂರ್ತಿ ಒಪ್ಪುವುದು ಕಷ್ಟ. ಎಐ ಹಾಡಿಗೆ ಮೈ ಜುಮ್ಮೆನ್ನಲೇಬಾರದು ಎಂಬ ನಿಯಮ ನಮ್ಮ ದೇಹದಲ್ಲಿ ಇಲ್ಲ. ಅಂಥ ಹಾಡಿಗೆ ಕಣ್ಣೀರು ಬಂದರೆ ಅದು ಸುಳ್ಳು ಕಣ್ಣೀರಲ್ಲ, ನಾಚಬೇಕಾದದ್ದೂ ಅಲ್ಲ. ಕೇಳಬೇಕಾದ ಪ್ರಶ್ನೆ ಅದು ಎಲ್ಲಿಂದ ಬಂತು ಎಂಬುದು. ಎಐ ಯಂತ್ರಗಳು ಮನುಷ್ಯರು ಮಾಡಿದ ಹಾಡುಗಳ ರಾಶಿಯಿಂದ ಕಲಿತಿವೆ. ನಮ್ಮ ಕಿವಿಯೂ ಅದೇ ರೀತಿಯ ಹಾಡುಗಳನ್ನು ಕೇಳಿ ಬೆಳೆದಿದೆ. ಇಂಥ ಏರಿಕೆಯ ಮುಂದೆ ಇಂಥದ್ದು ಬರುತ್ತದೆ ಎಂಬ ನಿರೀಕ್ಷೆ ನಮ್ಮೊಳಗೆ ಮೊದಲೇ ಕೂಡಿಟ್ಟ ಗಂಟು. ಯಂತ್ರದ ಹಾಡು ಆ ಗಂಟನ್ನು ಬಿಚ್ಚಿ ಖರ್ಚು ಮಾಡುತ್ತದೆ.

ಇನ್ನೊಂದು ಮಾತು. ಕೇಳುಗರನ್ನು ನೋಡಿ ಮುಂದಿನ ಸ್ವರ ಬದಲಿಸುವುದು ಎಐ ಹಾಡಿಗೆ ಆಗುವುದಿಲ್ಲ. ಮನುಷ್ಯರ ರೆಕಾರ್ಡಿಂಗ್‌ಗೂ ಆಗುವುದಿಲ್ಲ. ಆದ್ದರಿಂದ ಎಐ ಹಾಡಿನ ನಿಜವಾದ ಪೈಪೋಟಿ ಇರುವುದು ರೆಕಾರ್ಡಿಂಗ್ ಜೊತೆ. ಕಛೇರಿಯ ಜೊತೆ ಅಲ್ಲ. ‘ಎಐ ಸಂಗೀತವನ್ನು ಮುಗಿಸಿತು’ ಎನ್ನುವವರೂ ‘ಎಐಯಿಂದ ಏನೂ ಆಗದು’ ಎನ್ನುವವರೂ ಈ ಎರಡನ್ನು ಬೆರೆಸಿ ಮಾತಾಡುತ್ತಿದ್ದಾರೆ.

ಮುಂದೆ ಆಗಬಹುದಾದದ್ದು

ಮೊದಲ ಪೆಟ್ಟು ಬೀಳುವುದು ಜಾಹೀರಾತಿನ ಹಾಡು, ಧಾರಾವಾಹಿಯ ಹಿನ್ನೆಲೆ ಸಂಗೀತ, ಭಕ್ತಿಗೀತೆಗಳ ಆಲ್ಬಂ ಇಂಥ ಕೆಲಸಗಳ ಮೇಲೆ. ಅಗ್ಗವಾಗಿ, ಬೇಗ ಬೇಕಾದ ಕಡೆಗೆ ಯಂತ್ರ ಮೊದಲು ಹೋಗುತ್ತದೆ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಸ್ಟುಡಿಯೋದಲ್ಲಿ ತಬಲಾ, ಕೊಳಲು ನುಡಿಸಿ ಬರುವ ಹಣದಿಂದಲೇ ಎಷ್ಟೋ ಕಲಾವಿದರು ಮನೆ ನಡೆಸಿ, ಸಂಭಾವನೆ ಕಡಿಮೆ ಇರುವ ಕಛೇರಿಗಳಿಗೆ ಹೋಗುತ್ತಾರೆ. ಸ್ಟುಡಿಯೋ ಆದಾಯ ಬತ್ತಿದರೆ ರಿಯಾಜ್‌ಗೆ, ಅಂದರೆ ದಿನನಿತ್ಯದ ಅಭ್ಯಾಸಕ್ಕೆ, ಹೊತ್ತು ಸಿಗುವುದಿಲ್ಲ. ರಿಯಾಜ್ ಇಲ್ಲದಿದ್ದರೆ ಕಛೇರಿಯೂ ಬಡವಾಗುತ್ತದೆ. ರೆಕಾರ್ಡಿಂಗ್‌ಗೆ ಬಿದ್ದ ಪೆಟ್ಟು ಸುತ್ತಿ ಬಂದು ವೇದಿಕೆಗೆ ತಗಲುವುದು ಹೀಗೆ.

ಇನ್ನೊಂದು ಕಡೆ ದೊಡ್ಡ ಕಾರ್ಯಕ್ರಮಗಳು ಬೆಳೆಯುತ್ತಿವೆ. 2025ರ ಜನವರಿಯಲ್ಲಿ ಅಹಮದಾಬಾದ್‌ನ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅದರ ಬೆನ್ನಲ್ಲೇ ಪ್ರಧಾನಿ ಕಾನ್ಸರ್ಟ್ ಆರ್ಥಿಕತೆಯ ಮಾತಾಡಿದರು. ಅಷ್ಟು ಜನ ಒಟ್ಟಿಗೆ ಹಾಡುವಾಗ ಆಗುವ ಪುಳಕ ಸಣ್ಣದಲ್ಲ. ಆದರೆ ಅಷ್ಟು ದೊಡ್ಡ ವೇದಿಕೆಗಳಲ್ಲಿ ಸಾಮಾನ್ಯವಾಗಿ ದೀಪ, ಪರದೆ, ಸದ್ದು ಎಲ್ಲ ಮೊದಲೇ ಗಡಿಯಾರಕ್ಕೆ ಕಟ್ಟಿರುತ್ತವೆ. ಕಲಾವಿದರ ಕಿವಿಯಲ್ಲಿ ತಾಳದ ಟಿಕ್ ಟಿಕ್ ನಡೆಯುತ್ತಿರುತ್ತದೆ. ಕೇಳುಗರ ಮುಖ ನೋಡಿ ಇನ್ನೆರಡು ಸುತ್ತು ನಿಲ್ಲುವ ಅವಕಾಶ ಕಡಿಮೆ. ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ಸಂಗತಿ ಲಕ್ಷ ಜನರ ಕ್ರೀಡಾಂಗಣಕ್ಕಿಂತ ಇನ್ನೂರು ಜನರ ಸಭೆಯಲ್ಲೇ ಹೆಚ್ಚು ಸಿಗುತ್ತದೆ. ಸರ್ಕಾರ, ಪ್ರಾಯೋಜಕರು ದೊಡ್ಡದಕ್ಕೆ ಮಾತ್ರ ಕೈ ಬಿಚ್ಚಿದರೆ, ಪುಳಕದ ಮೂಲವೇ ಆದ ಸಣ್ಣ ಸಭೆಗಳು ಒಣಗುತ್ತವೆ.

ಯಕ್ಷಗಾನದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. 2022ರಲ್ಲಿ ಕಟೀಲು ದೇವಸ್ಥಾನದ ಯಕ್ಷಗಾನ ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಹೊರಳಿದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕಾಲಮಿತಿಯ ಪರ ಇರುವವರ ಮಾತು ಸುಳ್ಳಲ್ಲ. ಮರುದಿನ ಕೆಲಸಕ್ಕೆ ಹೋಗಬೇಕಾದವರು, ಮನೆಯಲ್ಲಿ ರೋಗಿಗಳಿರುವವರು, ಆರು ತಿಂಗಳು ನಿದ್ದೆಗೆಡುವ ಕಲಾವಿದರು ಇವರೆಲ್ಲರ ಕಷ್ಟ ನಿಜ. ಆದರೆ ಹೊತ್ತು ಕಡಿಮೆ ಮಾಡುವಾಗ ಏನನ್ನು ಕತ್ತರಿಸುತ್ತೇವೆ ಎಂಬುದನ್ನು ನೋಡಬೇಕು. ಮಹಿಷಾಸುರನ ಪ್ರವೇಶವನ್ನು ಯಾರೂ ಕತ್ತರಿಸುವುದಿಲ್ಲ, ಅದೇ ಎಲ್ಲರಿಗೂ ಬೇಕಾದದ್ದು. ಕತ್ತರಿ ಬೀಳುವುದು ಅದಕ್ಕೆ ಮೊದಲಿನ ನಿಧಾನದ ಪದಗಳಿಗೆ, ಸಾವಕಾಶದ ಮಾತುಗಾರಿಕೆಗೆ. ಮಿದುಳಿನ ಲೆಕ್ಕದಲ್ಲಿ ಆ ಪ್ರವೇಶದ ಬಲ ಬರುವುದೇ ಅಲ್ಲಿಂದ. ಹೊತ್ತು ಉಳಿಸಲೇಬೇಕೆಂದರೆ ಚಿಕ್ಕ ಪ್ರಸಂಗ ಆರಿಸಿಕೊಂಡು ಅದರ ಏರಿಕೆಯನ್ನು ಪೂರ್ತಿ ಬಿಡುವುದು, ದೊಡ್ಡ ಪ್ರಸಂಗವನ್ನು ಓಡಿಸುವುದಕ್ಕಿಂತ ಮೇಲು.

ರೀಲ್ಸ್ ಕತೆಯೂ ಇದೇ. ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಬರುವುದು ತುದಿ ಮಾತ್ರ, ಹತ್ತಿದ ದಾರಿ ಅಲ್ಲ. ಆದರೂ ಅದನ್ನು ನೋಡಿ ಎಷ್ಟೋ ಜನರ ಮೈ ಜುಮ್ಮೆನ್ನುತ್ತದೆ. ಅವರು ಆ ದಾರಿಯನ್ನು ಮೊದಲೇ ಹತ್ತಿದವರು. ದೂರದ ಊರಿನಲ್ಲಿ, ದುಬೈಯಲ್ಲೋ ಮುಂಬೈಯಲ್ಲೋ ಕೂತು ಇಪ್ಪತ್ತು ಸೆಕೆಂಡು ಚಂಡೆ ಕೇಳಿದರೂ ಸಾಕು, ಒಳಗಿರುವ ಇಡೀ ರಾತ್ರಿ ಎದ್ದು ನಿಲ್ಲುತ್ತದೆ. ಆ ರಾತ್ರಿಯನ್ನು ಒಮ್ಮೆಯೂ ಕಾಣದ ಹುಡುಗನಿಗೆ ಅದು ಬಣ್ಣ ಹಚ್ಚಿದ ವೇಷದ ಒಂದು ಸೊಗಸಾದ ವಿಡಿಯೋ. ಅವನ ಕಿವಿಯಲ್ಲಿ ಗಂಟು ಕಟ್ಟುವ ಕೆಲಸ ಯಾವ ರೀಲ್ಸ್‌ನಿಂದಲೂ ಆಗದು.

ಅದು ಆಗುವುದು ಬಯಲಿನಲ್ಲಿ. ‘ಮಹಿಷಾಸುರ ಬರುವಾಗ ಎಬ್ಬಿಸಿ’ ಎಂದು ಹೇಳಿ ಚಾಪೆಯ ಮೇಲೆ ಉರುಳಿಕೊಳ್ಳುವ ಮಕ್ಕಳು ಕರಾವಳಿಯ ಆಟಗಳಲ್ಲಿ ಇನ್ನೂ ಕಾಣುತ್ತಾರೆ. ಅಜ್ಜಿಯ ಸೆರಗು ಹೊದ್ದು, ಅರೆನಿದ್ದೆಯಲ್ಲಿ ಅವರು ದೇವೇಂದ್ರನ ಒಡ್ಡೋಲಗವನ್ನೂ ಭಾಗವತರ ಪದವನ್ನೂ ಕೇಳುತ್ತಿರುತ್ತಾರೆ. ದೂರದಲ್ಲಿ ದೊಂದಿ ಹೊತ್ತಿಕೊಂಡಾಗ ಯಾರೋ ಭುಜ ಅಲುಗಿಸುತ್ತಾರೆ.